ಕೈ ಎತ್ತಿದರೆ ನಿಲ್ಲುವ ರೇಸಿನ ಗಾಡಿ

ಹಾರವಾಡದ ತುಳಸಿದಾಸ ಹರಿಕಂತ್ರ ಮೋಟಾರು ಸೈಕಲ್ ರೇಸಿಗೆ ಇಳಿದದ್ದು ವೇಗದ ಆಸೆಯಿಂದಲ್ಲ, ಬೆಕ್ಕುಗಳ ದೆಸೆಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎರಡು ಸಾವಿರದ ಆರನೇ ಇಸವಿಯ ಆ ಬೇಸಿಗೆಯ ಬಗ್ಗೆ ಅಂಕೋಲೆಯಿಂದ ಕಾರವಾರದ ತನಕ ಹತ್ತು ಬಗೆಯ ಕತೆಗಳು ಓಡಾಡುತ್ತಿವೆ. ಅವುಗಳಲ್ಲಿ ಒಂದರಲ್ಲೂ ಬೆಕ್ಕುಗಳಿಗೆ ಸಲ್ಲಬೇಕಾದ ಗೌರವ ಸಂದಿಲ್ಲ.

ತುಳಸಿದಾಸನದು ಮೀನಿನ ವ್ಯಾಪಾರ. ಬೆಳಿಗ್ಗೆ ದೋಣಿ ದಡ ಮುಟ್ಟುವ ಹೊತ್ತಿಗೆ ಮರಳಿನ ಮೇಲೆ ನಿಂತು ಬಂಗಡೆ, ತಾರ್ಲೆ, ಶೆಟ್ಲಿ ಆರಿಸಿಕೊಳ್ಳುತ್ತಿದ್ದ. ತನ್ನ ನೂರು ಸಿಸಿಯ ಹಳೇ ಗಾಡಿಯ ಹಿಂದೆ ಕಟ್ಟಿದ ನೀಲಿ ಪೆಟ್ಟಿಗೆಗೆ ಮಂಜುಗಡ್ಡೆಯೊಂದಿಗೆ ಅವನ್ನು ತುಂಬಿ ಅವರ್ಸಾ, ಹಟ್ಟಿಕೇರಿ, ಅಂಕೋಲೆಯ ಕೇರಿಗಳನ್ನು ಸುತ್ತುತ್ತಿದ್ದ. ಹ್ಯಾಂಡಲ್ಲಿನ ರಬ್ಬರ್ ಹಾರ್ನನ್ನು ಎರಡು ಸಲ ಪೋಂ, ಪೋಂ ಎಂದು ಒತ್ತಿದರೆ ಸಾಕು, ಹೆಂಗಸರು ಪಾತ್ರೆ ಹಿಡಿದು ಹೊರಬರುತ್ತಿದ್ದರು. ಕೈ ಎತ್ತಿದರೆ ಗಾಡಿ ನಿಲ್ಲುತ್ತಿತ್ತು. ಹನ್ನೊಂದು ವರ್ಷಗಳಲ್ಲಿ ಎತ್ತಿದ ಒಂದು ಕೈಯನ್ನೂ ಅವನು ದಾಟಿ ಹೋದದ್ದಿಲ್ಲ. ಬಸ್ಸಿಗೆ ಕೈ ಮಾಡಿದ ಹೆಂಗಸರ ಎದುರೂ ಗಕ್ಕನೆ ನಿಂತು, "ಎಂತ ಬೇಕು ಬಾಯಿ?" ಎಂದು ಕೇಳಿ ಬೈಸಿಕೊಂಡದ್ದುಂಟು.

ಅವನ ಹೆಂಡತಿ ವೈಜಯಂತಿಯ ತವರು ಕಾರವಾರದಾಚೆಯ ಕಿನ್ನರ. ಮಾವ ರಾಮನಾಥ ಕಾಳಿ ನದಿಯಲ್ಲಿ ಮೂವತ್ತು ವರ್ಷ ಬಲೆ ಬೀಸಿದ ಮನುಷ್ಯ. ಆದರೆ ಮಗ ರೋಹಿತನಿಗೆ ಕಾರವಾರದ ಗುತ್ತಿಗೆದಾರರೊಬ್ಬರ ಆಫೀಸಿನಲ್ಲಿ ಕುರ್ಚಿಯ ನೌಕರಿ ಸಿಕ್ಕಿದ ದಿನದಿಂದ ರಾಮನಾಥನ ಮೂಗು ಮೀನಿನ ವಾಸನೆಗೆ ಒಮ್ಮೆಲೇ ಚುರುಕಾಗಿಬಿಟ್ಟಿತ್ತು. ಈಗ ಮನೆಗೆ ಬರುತ್ತಿದ್ದದ್ದು ಪೇಟೆಯ ಅಂಗಡಿಯ ಪ್ಯಾಕೆಟ್ ಮೀನು. ಅದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಅತ್ತೆ ಲಲಿತಾ ಅದನ್ನು ಸಾರಿಗೆ ಹಾಕುವಾಗೆಲ್ಲ ನಿಟ್ಟುಸಿರು ಬಿಡುತ್ತಿದ್ದಳು.

ಹಿಂದಿನ ವರ್ಷದ ಡಿಸೆಂಬರಿನಲ್ಲಿ ರೋಹಿತನ ನಿಶ್ಚಿತಾರ್ಥ. ತುಳಸಿದಾಸ ಗಾಡಿಯನ್ನು ಮೂರು ಸಲ ಸಾಬೂನು ಹಾಕಿ ತೊಳೆದ, ಲಿಂಬೆ ಹಚ್ಚಿ ತಿಕ್ಕಿದ, ಹೆಡ್‌ಲೈಟಿಗೆ ಎರಡು ಊದುಬತ್ತಿ ಸಿಕ್ಕಿಸಿಕೊಂಡು ಹೆಂಡತಿಯೊಂದಿಗೆ ಹೊರಟ. ಗೇಟಿನಲ್ಲೇ ರಾಮನಾಥ ಅಡ್ಡ ನಿಂತ.

"ಗಾಡಿ ಆಚೆ ಗೇರುಮರದ ಬುಡಕ್ಕೆ ನಿಲ್ಸಿ ಬಾ. ಹುಡುಗಿ ಕಡೆಯವ್ರು ಬತ್ತರೆ."

ವೈಜಯಂತಿಯ ಮುಖ ಸಪ್ಪಗಾಯಿತು. ತುಳಸಿದಾಸ ಗಾಡಿಯನ್ನು ಗೇರುಮರದ ಬುಡಕ್ಕೆ ತಳ್ಳಿಕೊಂಡು ಹೋದ. ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಿನ್ನರದ ಬೆಕ್ಕುಗಳಿಗೆ ಸಾಬೂನು, ಲಿಂಬೆ, ಊದುಬತ್ತಿಗಳಿಂದ ಮೋಸ ಹೋಗುವ ಅಭ್ಯಾಸ ಇರಲಿಲ್ಲ. ಉಂಗುರ ಬದಲಾಯಿಸುವ ಹೊತ್ತಿಗೆ ಗಾಡಿಯ ಸುತ್ತ ಒಂಬತ್ತು ಬೆಕ್ಕುಗಳು ಸಭೆ ಸೇರಿದಂತೆ ಕೂತಿದ್ದವು. ಹತ್ತನೆಯದು ಸೀಟಿನ ಮೇಲಿತ್ತು, ಬಹುಶಃ ಅಧ್ಯಕ್ಷತೆ ಅದರದು.

"ಅದು ಯಾರ ಗಾಡಿ? ಅಷ್ಟೊಂದು ಬೆಕ್ಕು ಎಂತಕೆ?" ಎಂದು ಹುಡುಗಿಯ ದೊಡ್ಡಪ್ಪ ಎಲ್ಲರಿಗೂ ಕೇಳುವಂತೆ ವಿಚಾರಿಸಿದರು.

ರಾಮನಾಥ ಕೆಮ್ಮಿದ. ರೋಹಿತ ಉಂಗುರ ನೋಡಿಕೊಂಡ. ವೈಜಯಂತಿ ಸೆರಗಿನ ತುದಿ ತಿರುಚತೊಡಗಿದಳು. ಅದನ್ನು ಕಂಡದ್ದೇ ತುಳಸಿದಾಸನ ನಾಲಿಗೆ ಅವನನ್ನು ಕೇಳದೆ ಹೊರಟಿತು.

"ನಂದು. ರೇಸಿನ ಗಾಡಿ ಅದು. ಇಂಜಿನಿಗೆ ಬೇರೆ ನಮೂನಿ ಎಣ್ಣೆ ಹಾಕ್ತೆ, ಅದ್ರ ವಾಸನಿ ಬೆಕ್ಕಿಗೆ ಸೇರ್ತದೆ."

ದೊಡ್ಡಪ್ಪ ಎದ್ದು ಬಂದು ಅವನ ಕೈ ಕುಲುಕಿದರು. ರೇಸಿನವರನ್ನು ಇಷ್ಟು ಹತ್ತಿರದಿಂದ ನೋಡುತ್ತಿರುವುದು ಇದೇ ಮೊದಲು ಎಂದರು. ರಾಮನಾಥನ ಕೆಮ್ಮು ಆ ಕ್ಷಣವೇ ವಾಸಿಯಾಯಿತು. "ನಮ್ಮ ಅಳಿಯ ಅಂದ್ರೆ ಎಂತ ತಿಳಕಂಡ್ರಿ? ಈ ಸೀಸನ್ನಿಗೆ ಕಪ್ ನಮ್ಮ ಮನಿಗೇ" ಎಂದು ಅವನೇ ಎರಡು ಮೊಳ ಮುಂದೆ ಹೋಗಿ ಘೋಷಿಸಿದ.

ಬೀಗರು ಹೋದ ಮೇಲೆ ರೋಹಿತ ಎಲ್ಲಿಂದಲೋ ಒಂದು ಕರಪತ್ರ ತಂದ. ಯುವಕ ಸಂಘವೊಂದರ ಬೇಸಿಗೆ ಸ್ಪರ್ಧೆ, ನೂರು ಸಿಸಿ ಮತ್ತು ಅದಕ್ಕಿಂತ ಕೆಳಗಿನ ಗಾಡಿಗಳಿಗೆ ಮಾತ್ರ. ಜನವರಿಯಲ್ಲಿ ಅಂಕೋಲೆಯ ಗದ್ದೆಯಲ್ಲಿ, ಮಾರ್ಚಿನಲ್ಲಿ ಕಾರವಾರದ ಕಡಲತೀರದಲ್ಲಿ, ಮೇ ಕೊನೆಯ ಭಾನುವಾರ ಕಿನ್ನರದ ಬಯಲಲ್ಲಿ. ಮೂರಕ್ಕೂ ಬೇರೆ ಬೇರೆ ಕಪ್.

"ಆಡಿದ್ಯಲಾ, ಈಗ ಓಡ್ಸು" ಎಂದ ರಾಮನಾಥ. "ಮಳೆಗಾಲದೊಳಗೆ ಒಂದು ಕಪ್ ತಂದ್ರೆ ನಿನ್ನ ಗಾಡಿ ನನ್ನ ಅಂಗಳದಲ್ಲೇ ನಿಲ್ಲಲಿ, ಯಾವನೂ ಕೇಳುದಿಲ್ಲ. ತರದೆ ಹೋದ್ರೆ ಗಾಡಿ ಮಾರು. ರೋಹಿತನ ಆಫೀಸಿನ ಗೋಡೌನಿಗೆ ವಾಚಮನ್ ಬೇಕು, ಅಲ್ಲಿ ಕೂರು. ಬೀಗರಿಗೆ ಹೇಳ್ಲಿಕ್ಕಾದ್ರೂ ಒಂದು ನೌಕರಿ ಆತು."

ಹೇಳಿದ್ದಷ್ಟೇ ಅಲ್ಲ, ಒಳಗೆ ಹೋಗಿ, ರೋಹಿತ ಆಫೀಸಿನಿಂದ ತಂದಿಟ್ಟಿದ್ದ ವಾಚಮನ್ನನ ಹಿತ್ತಾಳೆ ಸೀಟಿಯನ್ನೂ ತಂದು ತೋರಿಸಿದ. ದಿನವಿಡೀ ನಲವತ್ತು ಮನೆಗಳ ಬಾಗಿಲಲ್ಲಿ ಮಾತಾಡಿಕೊಂಡು ತಿರುಗುವವನು ಖಾಲಿ ಗೋಡೌನಿನ ಮುಂದೆ ಸ್ಟೂಲಿನ ಮೇಲೆ ಕೂರುವುದೆಂದರೆ ತುಳಸಿದಾಸನ ಪಾಲಿಗೆ ಜೈಲೇ.

ಹಾರವಾಡಕ್ಕೆ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಮರುದಿನದಿಂದಲೇ ಅವನು ವ್ಯಾಪಾರದ ಹಾದಿಯಲ್ಲೇ ಅಭ್ಯಾಸ ಶುರುಮಾಡಿದ. ಹತ್ತು ಗಂಟೆಗೆ ಬರುತ್ತಿದ್ದ ಮೀನು ಎಂಟೂವರೆಗೇ ಬಂದು ನಿಲ್ಲತೊಡಗಿತು. ಅವರ್ಸಾದ ಜಾನಕಿ, ಅಂದರೆ ಅವನ ಹನ್ನೊಂದು ವರ್ಷದ ಖಾಯಂ ಗಿರಾಕಿ, ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಹೊರಬಂದು ಜಗಳ ತೆಗೆದಳು.

"ತೆಂಗಿನಕಾಯಿ ಇನ್ನೂ ಮರದಲ್ಲೇ ಅದೆ ಮಾರಾಯಾ! ಮಸಾಲಿ ಅರೆಯುಕ್ಕಾದ್ರೂ ಪುರಸೊತ್ತು ಕೊಡು!"

ಅಂಕೋಲೆಯ ಮೊದಲ ಸ್ಪರ್ಧೆಯ ದಿನ ಕೊಯ್ಲಾದ ಗದ್ದೆಯಲ್ಲಿ ಹದಿನಾಲ್ಕು ಗಾಡಿಗಳು ನಿಂತವು. ಹದಿಮೂರಕ್ಕೆ ಸೈಲೆನ್ಸರ್ ಇರಲಿಲ್ಲ, ಒಂದಕ್ಕೆ ಮೀನಿನ ಪೆಟ್ಟಿಗೆ ಇತ್ತು. ಸಂಘದ ಕಾರ್ಯದರ್ಶಿ ಸುಜಯ ಶಾಲೆಯಲ್ಲಿ ಡ್ರಿಲ್ ಮಾಸ್ತರ. ಅವರ ಕೈಯಲ್ಲಿ ಹನ್ನೆರಡು ಪುಟದ ನಿಯಮಾವಳಿ ಇತ್ತು, ಅದರ ಮೇಲೆ ಅವರಿಗೆ ಅಪಾರ ಭಕ್ತಿ.

"ಪೆಟ್ಟಿಗೆ ಇಳಿಸಬೇಕು" ಎಂದರು ಸುಜಯ ಮಾಸ್ತರು. "ಗಾಡಿಯ ಮೇಲೆ ಅಂಗಡಿ ನಡೆಯೂದಿಲ್ಲ."

ಪೆಟ್ಟಿಗೆ ಇಳಿಯಿತು. ಅದು ಎಂಥ ಅನಾಹುತ ಎಂದು ಗೊತ್ತಾದದ್ದು ನಿಶಾನೆ ಬಿದ್ದ ಮೇಲೆ. ಬೆನ್ನ ಹಿಂದೆ ಐವತ್ತು ಕಿಲೋ ಭಾರವಿಲ್ಲದೆ ತುಳಸಿದಾಸ ಹನ್ನೊಂದು ವರ್ಷದಲ್ಲಿ ಗಾಡಿ ಓಡಿಸಿದವನೇ ಅಲ್ಲ. ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸತೊಡಗಿತು. ಪ್ರತಿ ಬದುವಿಗೂ ಗಾಡಿ ಒಂದು ಕಡೆ, ಸವಾರ ಇನ್ನೊಂದು ಕಡೆ, ಮತ್ತೆ ಹೇಗೋ ಇಬ್ಬರೂ ಒಂದೇ ಜಾಗಕ್ಕೆ ಬಂದು ಕೂಡುವುದು. ಆದರೂ ಬಿಡದೆ ಮೂರನೆಯ ಸುತ್ತಿಗೆ ಐದನೆಯವನಾದ. ಅವರ್ಸಾದಿಂದ ಒಂದು ಟೆಂಪೋ ಮಾಡಿಕೊಂಡು ಬಂದಿದ್ದ ಹೆಂಗಸರ ಗುಂಪಿನಲ್ಲಿ ಜಾನಕಿಗೆ ಸಂತೋಷ ತಡೆಯಲಾಗಲಿಲ್ಲ. "ಹೊಡಿ ತುಳಸಿದಾಸಾ!" ಎಂದು ಕೈ ಎತ್ತಿದಳು.

ತುಳಸಿದಾಸ ಗಕ್ಕನೆ ಬ್ರೇಕ್ ಹಾಕಿದ. ಒಂದು ಕಾಲು ಕೆಳಗೂರಿ ನಿಂತ.

"ಎಂತ ಬೇಕು ಬಾಯಿ?"

ಜಾನಕಿ ತಬ್ಬಿಬ್ಬಾದಳು. ಇಷ್ಟು ದೊಡ್ಡ ರೇಸನ್ನು ನಿಲ್ಲಿಸಿದ ಮೇಲೆ ಏನನ್ನೂ ಕೇಳದೆ ಕಳಿಸುವುದು ಮರ್ಯಾದೆಯಲ್ಲ ಎಂದು ಅವಳಿಗೆ ಅನ್ನಿಸಿರಬೇಕು.

"ತಾರ್ಲೆ ತಂದ್ಯಾ?"

"ಇಲ್ಲ ಬಾಯಿ, ಇವತ್ತು ರೇಸು."

"ಹಾಗಾರೆ ನಿಂತದ್ದೆಂತಕೆ? ಹೋಗು ಹೋಗು!"

ಅವನು ಹೋದ. ಹದಿನಾಲ್ಕನೆಯವನಾಗಿ ಬಂದ.

ಮಾರ್ಚಿನ ಹೊತ್ತಿಗೆ ತುಳಸಿದಾಸ ಎರಡು ತಯಾರಿ ಮಾಡಿಕೊಂಡಿದ್ದ. ಒಂದು, ವೈಜಯಂತಿ ಗಂಡನ ವ್ಯಾಪಾರದ ಲೈನಿನ ನಲವತ್ತೂ ಮನೆಗೆ ಹೋಗಿ, ರೇಸಿನಲ್ಲಿ ಯಾರೂ ಕೈ ಎತ್ತಕೂಡದೆಂದು ಪ್ರಮಾಣ ಮಾಡಿಸಿಕೊಂಡು ಬಂದಿದ್ದಳು. ಇನ್ನೊಂದು, ಅವನು ಸುಜಯ ಮಾಸ್ತರರ ನಿಯಮಾವಳಿಯನ್ನು ಎರವಲು ತಂದು ಓದಿ, ಅದರಲ್ಲಿ ಪೆಟ್ಟಿಗೆಯ ಮಾತೇ ಇಲ್ಲವೆಂದು ಕಂಡುಹಿಡಿದಿದ್ದ. ಮಾಸ್ತರರು ಹನ್ನೆರಡೂ ಪುಟ ಮೂರು ಸಲ ತಿರುವಿ, ಕನ್ನಡಕ ಒರೆಸಿ ಮತ್ತೊಮ್ಮೆ ತಿರುವಿ, ನಿಟ್ಟುಸಿರಿನೊಂದಿಗೆ ಒಪ್ಪಿದರು. ಪೆಟ್ಟಿಗೆಗೆ ಐವತ್ತು ಕಿಲೋ ಮರಳು ತುಂಬಿ ಮುಚ್ಚಳ ಬಿಗಿದು ತುಳಸಿದಾಸ ಕಾರವಾರದ ತೀರದಲ್ಲಿ ನಿಂತಾಗ ಗಾಡಿ ತನ್ನ ಹಳೇ ಗಾಂಭೀರ್ಯಕ್ಕೆ ಮರಳಿತ್ತು.

ಒದ್ದೆ ಮರಳಿನ ಮೇಲೆ ಎರಡು ಸುತ್ತು ಸೊಗಸಾಗಿ ಹೋಯಿತು. ಎದುರಿಗೆ ಇದ್ದವರು ಮೂವರೇ. ಮೂರನೆಯವನು ಮಾತ್ರ ದಾರಿ ಬಿಡುತ್ತಿರಲಿಲ್ಲ. ದಾರಿ ಬಿಡದವನಿಗೆ ಏನು ಮಾಡಬೇಕೆಂದು ತುಳಸಿದಾಸನ ಹೆಬ್ಬೆರಳಿಗೆ ಚೆನ್ನಾಗಿ ಗೊತ್ತಿತ್ತು. ಪೋಂ, ಪೋಂ.

ಅದು ಭಾನುವಾರ, ಬೆಳಗಿನ ಹತ್ತು ಗಂಟೆ. ತೀರದ ಹಿಂದಿನ ಮನೆಗಳಲ್ಲಿ ಮಸಾಲೆ ಅರೆದು ಇಟ್ಟುಕೊಂಡವರು ಎಷ್ಟು ಜನವೋ! ಆ ಹಾರ್ನಿಗೆ ಕರಾವಳಿಯಲ್ಲಿ ಒಂದೇ ಅರ್ಥ. ಗಾಳಿಮರಗಳ ಸಾಲಿನಾಚೆಯಿಂದ ಪಾತ್ರೆಗಳು ಬಂದವು, ಪಾತ್ರೆಗಳ ಹಿಂದೆ ಹೆಂಗಸರು ಬಂದರು, ಹೆಂಗಸರ ಹಿಂದೆ ಬೆಕ್ಕುಗಳು, ಬೆಕ್ಕುಗಳ ಹಿಂದೆ ನಾಯಿಗಳು. ಇವರಾರೂ ಪ್ರಮಾಣ ಮಾಡಿದವರಲ್ಲ. ಮೂವತ್ತು ಕೈಗಳು ಒಟ್ಟಿಗೇ ಎದ್ದವು. ತುಳಸಿದಾಸ ನಿಂತ. ಅವನ ಸುತ್ತ ಹೆಂಗಸರು ನಿಂತದ್ದರಿಂದ ಮಿಕ್ಕ ಗಾಡಿಗಳೂ ನಿಂತವು.

"ಬಾಂಗ್ಡೆ ಆಸಾತ್?" ಎಂದು ಒಬ್ಬಳು ಕೊಂಕಣಿಯಲ್ಲಿ ಕೇಳಿದಳು. "ಮೊದಲು ನಾ ಬಂದದ್ದು!" ಎಂದು ಇನ್ನೊಬ್ಬಳು ಕನ್ನಡದಲ್ಲಿ ಜಗಳಕ್ಕೆ ನಿಂತಳು.

ಬಂದೋಬಸ್ತಿಗಿದ್ದ ಪೊಲೀಸ್ ಮಾದೇವ ಲಾಠಿ ತೂರಿಸಿ ದಾರಿ ಮಾಡಿಕೊಂಡು ಬಂದ. ಅವನ ಮೊದಲ ಪ್ರಶ್ನೆಯೂ ಕಾನೂನಿನದಾಗಿರಲಿಲ್ಲ.

"ಪಾಪ್ಲೆಟ್ ಅದ್ಯನಾ?"

"ಮೀನಿಲ್ಲ ಸಾಹೇಬ್ರೇ."

"ಮೀನಿನ ಗಾಡಿ, ಮೀನಿನ ಹಾರ್ನು, ಮೀನಿಲ್ಲ?" ಮಾದೇವ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದ. ಅವನ ಮುಖದ ಮೇಲೆ ಮೊದಲು ನಿರಾಸೆ, ಆಮೇಲೆ ಕರ್ತವ್ಯಪ್ರಜ್ಞೆ ಮೂಡಿತು. "ಮರಳು! ಪರ್ಮಿಟ್ ಎಲ್ಲದೆ?"

"ಭಾರಕ್ಕೆ ಹಾಕಂಡದ್ದು ಸಾಹೇಬ್ರೇ. ಹಾರವಾಡದ ಮರಳು."

"ಹಾರವಾಡದ ಮರಳು ಕಾರವಾರಕ್ಕೆ! ಅಂದ್ರೆ ತಾಲೂಕಿಂದ ತಾಲೂಕಿಗೆ ಸಾಗಾಟ!"

ಹಿಂದೆ ಮುಂದೆ ಮೈಲುಗಟ್ಟಲೆ ಮರಳು ಬಿದ್ದಿರುವ ತೀರದಲ್ಲಿ ನಿಂತು ಪೊಲೀಸ್ ಮಾದೇವ ಐವತ್ತು ಕಿಲೋ ಮರಳನ್ನು ಜಪ್ತಿ ಮಾಡಿ, ಪಂಚರ ಎದುರು ಅಲ್ಲೇ ಸುರಿಸಿದ. ಸುರಿದ ಮೇಲೆ ಯಾವುದು ಜಪ್ತಿಯ ಮರಳು, ಯಾವುದು ಸರ್ಕಾರದ ಮರಳು ಎಂದು ಅವನಿಗೇ ಗೊತ್ತಾಗಲಿಲ್ಲ. ಸಾಕ್ಷಿಗೆ ಏನಾದರೂ ಬೇಕಲ್ಲ ಎಂದು ಹಾರ್ನು ಬಿಚ್ಚಿಕೊಂಡು ಹೋದ. ಸ್ಪರ್ಧೆ ರದ್ದಾಯಿತು. ಸುಜಯ ಮಾಸ್ತರರು ನಿಯಮಾವಳಿಗೆ ಹದಿಮೂರನೆಯ ಪುಟ ಸೇರಿಸಿ, ಹಾರ್ನ್ ನಿಷೇಧ, ಮರಳು ನಿಷೇಧ ಎಂದು ಬರೆದರು.

ಉಳಿದದ್ದು ಕಿನ್ನರ ಒಂದೇ. ಹಿಂದಿನ ದಿನ ಅತ್ತೆಯ ಫೋನು ಬಂತು. ಬೀಗರೂ ಬರುತ್ತಾರಂತೆ, ಮಾವ ಸೀಟಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಯಿಸಿ ಜೇಬಿಗೆ ಹಾಕಿಕೊಂಡು ತಿರುಗುತ್ತಿದ್ದಾನಂತೆ. ತುಳಸಿದಾಸ ಗಾಡಿ ಒರೆಸುತ್ತ ಕೂತ.

"ಸೋತ್ರೆ ಸೋತದ್ದು, ಸ್ಟೂಲ್ ಮೇಲೆ ಕೂತ್ರಾತು" ಎಂದ.

"ಆಗೂದಿಲ್ಲ" ಎಂದಳು ವೈಜಯಂತಿ. "ನನ್ನ ತವರಲ್ಲಿ ನಿಮ್ಮ ಗಾಡಿ ಗೇಟಿನ ಹೊರಗೆ ನಿಂತ್ರೆ ನಾನೂ ಹೊರಗೆ ನಿಂತ ಹಾಗೇ. ಆ ವಾಸನಿಯಲ್ಲೇ ನಾವು ಉಂಡದ್ದು. ಅಪ್ಪ ನನ್ನ ಮದ್ವೆ ಮಾಡಿದ್ದೂ ಅದೇ ವಾಸನಿಯಲ್ಲೇ. ನೀವು ಓಡ್ಸಿ."

ಅಷ್ಟು ಹೇಳಿ ಅವಳು ಹೋಗಿ ಪೆಟ್ಟಿಗೆಯನ್ನು ತಾನೇ ತೊಳೆದಳು. ಮರಳು ತಾನೇ ನಿಷೇಧ? ಮಂಜುಗಡ್ಡೆ ಹದಿಮೂರನೆಯ ಪುಟದಲ್ಲೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಐವತ್ತು ಕಿಲೋ ಮಂಜುಗಡ್ಡೆ ತುಂಬಿಕೊಂಡು ಇಬ್ಬರೂ ಕಿನ್ನರಕ್ಕೆ ಬಂದರು.

ಬಯಲು ತುಂಬಿತ್ತು. ಮುಂದಿನ ಸಾಲಿನಲ್ಲಿ ಬೀಗರಿಗೆ ಕುರ್ಚಿ, ನಡುವೆ ಇಸ್ತ್ರಿ ಅಂಗಿಯ ರಾಮನಾಥ, ಪಕ್ಕದಲ್ಲಿ ರೋಹಿತ. ಹಿಂದೆ ಲಲಿತಾ. ಎದುರು ಬದಿಗೆ ಅವರ್ಸಾದ ಟೆಂಪೋ. ಜಾನಕಿ ತನ್ನ ಮೇಲೆ ತನಗೇ ನಂಬಿಕೆಯಿಲ್ಲದೆ ಎರಡೂ ಕೈಗಳನ್ನು ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತಿದ್ದಳು. ಅವಳನ್ನು ನೋಡಿ ಮಿಕ್ಕವರೂ ಹಾಗೇ ಕೂತರು. ಅಷ್ಟೊಂದು ಹೆಂಗಸರು ಕೈಯಿಲ್ಲದವರಂತೆ ಕೂತದ್ದು ಕಂಡು ಹುಡುಗಿಯ ದೊಡ್ಡಪ್ಪ ಪಕ್ಕದವರನ್ನು ಎರಡು ಸಲ ವಿಚಾರಿಸಿದರು.

ಹತ್ತು ಸುತ್ತಿನ ಸ್ಪರ್ಧೆ. ನಾಲ್ಕನೆಯ ಸುತ್ತಿನ ತನಕ ತುಳಸಿದಾಸ ಒಂಬತ್ತನೆಯವನು. ಆದರೆ ಮೇ ತಿಂಗಳ ಬಿಸಿಲು. ಮೀನಿನ ಪೆಟ್ಟಿಗೆಯ ತಳದಲ್ಲಿ ನೀರು ಬಸಿಯಲೆಂದು ಒಂದು ತೂತು ಇರುತ್ತದೆ. ವ್ಯಾಪಾರದಲ್ಲಿ ಅದಕ್ಕೆ ಯಾರೂ ಗಮನ ಕೊಡುವುದಿಲ್ಲ. ಕುಲುಕಾಟಕ್ಕೆ ಪುಡಿಯಾದ ಮಂಜು ಕರಗಿ ಆ ತೂತಿನಿಂದ ಧಾರೆಯಾಗಿ ಇಳಿಯುತ್ತಿತ್ತು. ತಿರುವಿನಲ್ಲಿ ಗಾಡಿ ವಾಲಿದಾಗ ಚೆನ್ನಾಗಿಯೇ ಇಳಿಯುತ್ತಿತ್ತು. ಕೆಂಪು ಧೂಳಿನ ತಿರುವು ಸುತ್ತಿನಿಂದ ಸುತ್ತಿಗೆ ಕೆಸರಾಯಿತು. ಐದನೆಯ ಸುತ್ತಿನಲ್ಲಿ ಅಲ್ಲಿ ಇಬ್ಬರು ಜಾರಿ ಬಿದ್ದರು. ಏಳನೆಯದರಲ್ಲಿ ಮೂವರು. ಮೊದಲು ಎದ್ದವನು ತನ್ನ ಗಾಡಿ ಯಾವುದೆಂದು ಗುರುತಾಗದೆ ಇನ್ನೊಬ್ಬನದನ್ನು ಹತ್ತಿ ಹೋದ. ಮಳೆಗಾಲದ ಕೆಸರಲ್ಲಿ ಹನ್ನೊಂದು ವರ್ಷ ಮೀನು ಹೊತ್ತ ತುಳಸಿದಾಸನಿಗೆ ಮಾತ್ರ ಅದು ಕೆಸರೆಂದೇ ತೋರಲಿಲ್ಲ. ಮಿಕ್ಕವರು ಯಾಕೆ ಬೀಳುತ್ತಿದ್ದಾರೆಂದು ಮರುಕಪಡುತ್ತಲೇ ಅವನು ಒಬ್ಬೊಬ್ಬರನ್ನಾಗಿ ದಾಟಿದ. ಸುಜಯ ಮಾಸ್ತರರು ಹದಿಮೂರೂ ಪುಟ ಹುಡುಕಿದರು, ನೀರಿನ ವಿಚಾರ ಎಲ್ಲೂ ಸಿಗಲಿಲ್ಲ.

ಹತ್ತನೆಯ ಸುತ್ತು. ಎಲ್ಲರಿಗಿಂತ ಮುಂದೆ ಒಂದೇ ಗಾಡಿ, ಅದರ ಮೇಲೆ ನೀಲಿ ಪೆಟ್ಟಿಗೆ. ಅವರ್ಸಾದವರು ಕೂತಲ್ಲೇ ಕುಣಿಯುತ್ತಿದ್ದರು, ಆದರೆ ಒಂದು ಕೈಯೂ ಹೊರಬರಲಿಲ್ಲ. ವೈಜಯಂತಿ ಕಣ್ಣು ಮುಚ್ಚಿಕೊಂಡಿದ್ದಳು. ಐವತ್ತು ಮಾರು, ಮೂವತ್ತು ಮಾರು. ಹುಡುಗಿಯ ದೊಡ್ಡಪ್ಪ ಎದ್ದು ನಿಂತು, "ರಾಮನಾಥರೇ, ನಿಮ್ಮ ಅಳಿಯ!" ಎಂದು ಕೂಗಿದರು.

ರಾಮನಾಥ ಬೆಳಗಿನಿಂದ ಅಳಿಯ ಸೋಲಲೆಂದು ಜೇಬಿನ ಸೀಟಿ ಹಿಡಿದು ಕೂತಿದ್ದವನು. ಆ ಗಳಿಗೆಯಲ್ಲಿ ಅವನಿಗೆ ಸೀಟಿಯೂ ಮರೆಯಿತು, ಗೋಡೌನೂ ಮರೆಯಿತು. "ನಮ್ಮ ಅಳಿಯ ರೇ!" ಎಂದು ಕುರ್ಚಿಯಿಂದ ಹಾರಿ ಕೈ ಎತ್ತಿದ.

ಗೆಲುವಿನ ಗೆರೆಗೆ ಹತ್ತು ಮಾರು ಇರುವಾಗ ಗಾಡಿ ರಾಮನಾಥನ ಎದುರು ಗಕ್ಕನೆ ನಿಂತಿತು.

"ಎಂತ ಬೇಕು ಮಾವಾ?"

"ಹೋಗು" ಎಂಬ ಒಂದೇ ಮಾತು ಸಾಕಿತ್ತು. ಆದರೆ ಎತ್ತಿದ ಕೈಗೆ ನಿಲ್ಲುವುದು ತುಳಸಿದಾಸನ ಮೈಯಲ್ಲಿ ಹೇಗೆ ಇಳಿದಿತ್ತೋ, ಹಾಗೇ ಮೀನಿನ ಪೆಟ್ಟಿಗೆ ಎದುರಿಗೆ ಬಂದು ನಿಂತರೆ ಕೇಳಬೇಕಾದ ಮಾತು ರಾಮನಾಥನ ಮೈಯಲ್ಲೂ ಇಳಿದಿತ್ತು. ಎರಡು ವರ್ಷದ ಪ್ಯಾಕೆಟ್ ಮೀನು ಅದನ್ನು ಅಳಿಸಿರಲಿಲ್ಲ.

"ಬಂಗಡೆ ಅದ್ಯಾ? ತಾಜಾ ಅದ್ಯಾ?" ಎಂದ ರಾಮನಾಥ, ಬೀಗರ ಎದುರು, ಇಡೀ ಕಿನ್ನರದ ಎದುರು. ಕೇಳಿದ್ದಷ್ಟೇ ಅಲ್ಲ, ಮುಚ್ಚಳ ಎತ್ತಿ ಒಳಗೆ ಬಗ್ಗಿ, ಕಣ್ಣು ಮುಚ್ಚಿ ಉದ್ದಕ್ಕೆ ಒಂದು ಉಸಿರು ಎಳೆದುಕೊಂಡ.

ಅಷ್ಟರಲ್ಲಿ ತಲೆಯಿಂದ ಕಾಲಿನ ತನಕ ಕೆಸರಾದ ಒಬ್ಬ ಗೆರೆ ದಾಟಿದ. ಎರಡನೆಯವನು ದಾಟಿದ. ಮೂರನೆಯವನು ಇನ್ನೊಬ್ಬನ ಗಾಡಿಯಲ್ಲಿ ದಾಟಿದ. ವೈಜಯಂತಿ ಕಣ್ಣು ತೆರೆದಾಗ ಗಂಡ ನಾಲ್ಕನೆಯವನಾಗಿ ಗಾಡಿ ತಳ್ಳಿಕೊಂಡು ಬರುತ್ತಿದ್ದ.

ರೋಹಿತ ಮೊದಲು ಬಾಯಿಬಿಟ್ಟ. "ಕಪ್ ಇಲ್ಲ. ಸೀಟಿ ಕೊಡಿ ಅಪ್ಪಾ."

"ಸುಮ್ನಿರು!" ಎಂದಳು ಲಲಿತಾ. ಆ ಮನೆಗೆ ಬಂದ ಮೇಲೆ ಅವಳ ಗಂಟಲಿನಿಂದ ಇಂಥ ದನಿ ಬಂದದ್ದು ಅದೇ ಮೊದಲು. ಅವಳು ಕುರ್ಚಿಗಳ ನಡುವಿನಿಂದ ಮುಂದೆ ಬಂದು ಗಂಡನ ಎದುರು ನಿಂತಳು. "ಕೈ ಎತ್ತಿದ್ದು ಯಾರು? ನೀವು. ಬಂಗಡೆ ಕೇಳಿದ್ದು ಯಾರು? ನೀವು. ಮೂವತ್ತೈದು ವರ್ಷ ಆತು ನಾ ಈ ಮನಿಗೆ ಬಂದು, ನನ್ನ ಕೈಗೆ ಯಾರೂ ಒಂದು ದಿನ ನಿಂತದ್ದಿಲ್ಲ. ಅವ ನಿಮ್ಮ ಕೈಗೆ ಕಪ್ ಬಿಟ್ಟು ನಿಂತ. ಅಂಥವನ ಗಾಡಿ ಹೊರಗೆ ನಿಲ್ಸ್ತ್ರಿ?"

ರಾಮನಾಥ ಬೀಗರ ಕಡೆ ನೋಡಿದ. ಹುಡುಗಿಯ ದೊಡ್ಡಪ್ಪ ಪೆಟ್ಟಿಗೆಯೊಳಕ್ಕೆ ಬಗ್ಗಿ ನಿಂತಿದ್ದರು. "ಶೆಟ್ಲಿನೂ ತತ್ಯನೋ ತಮಾ?" ಎಂದು ಅವರು ತುಳಸಿದಾಸನನ್ನು ಮೆಲ್ಲಗೆ ಕೇಳುತ್ತಿದ್ದರು.

ತುಳಸಿದಾಸ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ, "ತರ್ಬಹುದು. ಆದ್ರೆ ಹಾರ್ನು ಕಾರವಾರ ಸ್ಟೇಷನ್ನಲ್ಲಿ ಅದೆ. ನಾ ಬಂದದ್ದು ನಿಮಗೆ ಗೊತ್ತಾಗೂದು ಹೇಗೆ?" ಎಂದ.

ರಾಮನಾಥ ಜೇಬಿಗೆ ಕೈ ಹಾಕಿ, ಹುಣಸೆಹಣ್ಣು ಹಚ್ಚಿ ತಿಕ್ಕಿದ್ದ ಸೀಟಿಯನ್ನು ತೆಗೆದು ಅಳಿಯನ ಕೈಗಿಟ್ಟ.

"ಇದನ್ನು ಊದು" ಎಂದ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕಿನ್ನರದಲ್ಲಿ ವಾಚಮನ್ನನ ಸೀಟಿ ಎರಡು ಸಲ ಕೇಳಿಸಿತು. ತುಳಸಿದಾಸ ಗಾಡಿಯನ್ನು ನೇರ ಗೇಟಿನ ಒಳಗೆ ತಂದು, ತುಳಸಿಕಟ್ಟೆಯ ಪಕ್ಕ, ಅಂಗಳದ ನಡುವೆ ಸ್ಟ್ಯಾಂಡ್ ಹಾಕಿದ. ಕೇರಿಯಲ್ಲೆಲ್ಲ ಮೊದಲು ಎದ್ದ ಕೈ ರಾಮನಾಥನದು. ಇನ್ನೊಂದು ಕೈಯಲ್ಲಿ ಪಾತ್ರೆ ಇತ್ತು. ಹತ್ತೂ ಬೆಕ್ಕುಗಳು ಮಾತ್ರ ಅವನಿಗಿಂತ ಮೊದಲೇ ಬಂದು ಅಂಗಳದಲ್ಲಿ ಕೂತಿದ್ದವು.